ಡಾಕ್ಟರಮ್ಮ ಮತ್ತು ಕಲ್ಲುಕಂಬದ ಲೇತ್

ಡಾಕ್ಟರ್ ಲಕ್ಷ್ಮೀದೇವಮ್ಮನವರ ಎದುರು ಸ್ವಲ್ಪ ಹೊತ್ತು ಕೂತರೆ ಯಾರಿಗಾದರೂ ಆಕಳಿಕೆ ಬರುತ್ತಿತ್ತು. ಅವರ ಮಾತು ಬೇಸರ ತರಿಸುತ್ತಿತ್ತು ಅಂತಲ್ಲ. ದನಿ ತಗ್ಗಿನದು, ಏರಿಳಿತವಿಲ್ಲದ್ದು. ಒಂದು ಮಾತಿಗೂ ಮುಂದಿನ ಮಾತಿಗೂ ನಡುವೆ ಒಂದು ಉಸಿರಿನಷ್ಟು ಜಾಗ ಬಿಡುತ್ತಿದ್ದರು. ಎದುರಿಗಿದ್ದವರ ಮುಖವನ್ನು ಅವರು ನೋಡುತ್ತಿರಲಿಲ್ಲ. ಕತ್ತಿನ ಬುಡದಲ್ಲಿ, ಎರಡು ಎಲುಬು ಕೂಡುವಲ್ಲಿ ಒಂದು ಗುಳಿ ಇರುತ್ತದಲ್ಲ, ಅದನ್ನು ನೋಡುತ್ತಿದ್ದರು. ಹಾಗೆ ನೋಡಿಸಿಕೊಳ್ಳುತ್ತ ಕೂತರೆ ನಮ್ಮ ಉಸಿರು ನಮಗೇ ತಿಳಿಯದಂತೆ ಅವರ ಮಾತಿನ ಅಳತೆಗೆ ಬಂದುಬಿಡುತ್ತಿತ್ತು. ಬೀದಿಯ ಹೆಂಗಸರು ನಿದ್ದೆ ಮಾಡದ ಕೂಸುಗಳನ್ನು ಎತ್ತಿಕೊಂಡು ಅವರ ಮನೆಗೆ ಹೋಗುತ್ತಿದ್ದರು. ಅದೇ ಹೆಂಗಸರು ತಮ್ಮ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದು ಮಲಗಿದ್ದರೆ ಮಾತ್ರ ಡಾಕ್ಟರಮ್ಮನನ್ನು ಒಳಗೆ ಕರೆಯಲು ಹಿಂಜರಿಯುತ್ತಿದ್ದರು.

ಅವರು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಕೆಲಸ ಮಾಡಿ ನಿವೃತ್ತರಾದವರು. ಕೊಡಿಗೆಹಳ್ಳಿಯ ಹಳೆಯ ಮನೆತನ. ಅವರ ತಂದೆಯ ದ್ರಾಕ್ಷಿ ತೋಟ ಇದ್ದ ಕಡೆ ಈಗ ಬಡಾವಣೆಗಳೆದ್ದಿವೆ. ಊರೊಳಗಿನ ಮನೆ ಮತ್ತು ಅದರ ಹಿಂದಿನ ಕೊಟ್ಟಿಗೆ ಮಾತ್ರ ಉಳಿದಿದ್ದವು. ಮದುವೆಯಾಗಿರಲಿಲ್ಲ. ಇಂಗ್ಲಿಷನ್ನು ಪುಸ್ತಕದಂತೆ ಮಾತಾಡುತ್ತಿದ್ದವರು ಕನ್ನಡಕ್ಕೆ ಬಂದರೆ ಊರಿನವರೇ ಆಗಿಬಿಡುತ್ತಿದ್ದರು: “ಅಂಗಲ್ಲ ಕಣ್ರೀ, ಇಂಗೆ.”

ಸಹಕಾರನಗರದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಅವರು ಮೊದಲ ಸಲ ಬಂದಾಗ ಕೇಳಿದ ಕನ್ನಡಕ ಓದುವುದಕ್ಕೂ ಅಲ್ಲ, ದೂರಕ್ಕೂ ಅಲ್ಲ. ಮೊಣಕೈಯನ್ನು ಸೊಂಟಕ್ಕೆ ಒತ್ತಿ ಮುಂಗೈ ಚಾಚಿ, ಬೆರಳ ತುದಿ ಇರುವಲ್ಲಿ ಮಾತ್ರ ಚೆನ್ನಾಗಿ ಕಾಣಬೇಕು ಅಂದರು. ಅದಕ್ಕೆ ಮುಂದೆ ಮಸುಕಾದರೂ ಚಿಂತೆಯಿಲ್ಲವಂತೆ. ಏನು ಕೆಲಸಕ್ಕೆ ಎಂದು ಕೇಳಿದೆ. ಕನ್ನಡಕ ಒಯ್ಯಲು ಬಂದ ದಿನ ಉತ್ತರವನ್ನು ಸೆರಗಿನಲ್ಲಿ ಸುತ್ತಿ ತಂದಿದ್ದರು. ಜಕರಂಡ ಮರದಲ್ಲಿ ಕಡೆದ ಒಂದು ಬಟ್ಟಲು. ಗಾಳಿಗೆ ಬಿದ್ದ ರಸ್ತೆ ಬದಿಯ ಮರದ ತುಂಡಿನಿಂದ ಮಾಡಿದ್ದಂತೆ.

ಆ ಬಟ್ಟಲು ನನ್ನ ಮೇಜಿನ ಮೇಲೇ ಉಳಿಯಿತು. ದಿನವಿಡೀ ಗಾಜು ಉಜ್ಜುವ, ತಂತಿ ಬಗ್ಗಿಸುವ ಕೈಗಳು ಬಿಡುವು ಸಿಕ್ಕಾಗಲೆಲ್ಲ ಅದರ ಕಡೆಗೆ ಹೋಗುತ್ತಿದ್ದವು. ಬುಡದಲ್ಲಿ ಅಂಗೈಗೆ ಹೊಂದುವ ಒಂದು ಉಬ್ಬಿತ್ತು. ಅಂಚು ಮಾತ್ರ ಯಾಕೋ ದಪ್ಪ. ಅಷ್ಟು ಚಂದದ ಮೈಗೆ ಅದು ಸಲ್ಲುತ್ತಿರಲಿಲ್ಲ. ಆಮೇಲೆ ಅವರ ಮನೆಯಲ್ಲಿ ನೋಡಿದೆ, ಕಪಾಟಿನ ತುಂಬ ಬಟ್ಟಲುಗಳು, ಎಲ್ಲದರ ಅಂಚೂ ಹಾಗೇ. ಆ ಹೊತ್ತಿಗೆ ನನಗೂ ಮರವನ್ನು ತಿರುಗಿಸಿ ಕಡೆಯುವ ಒಂದು ಲೇತ್ ಬೇಕೆಂಬ ಹುಚ್ಚು ಹಿಡಿದಿತ್ತು. ಯಾವುದು ಕೊಳ್ಳಲಿ ಎಂದು ಕೇಳಿದೆ. ಮೊದಲು ಬಂದು ನಿಂತು ನೋಡಿ ಎಂದು ಕೊಟ್ಟಿಗೆಗೆ ಕರೆದರು.

ಅವರ ಲೇತ್ ಎರಡು ಕಲ್ಲುಕಂಬಗಳ ಮೇಲೆ ಕೂತಿತ್ತು. ಹಿಂದೆ ನಮ್ಮ ಕಡೆ ದ್ರಾಕ್ಷಿ ಚಪ್ಪರಕ್ಕೆ ನೆಡುತ್ತಿದ್ದ ಒರಟು ಕಂಬಗಳನ್ನು ತುಂಡರಿಸಿ, ನೆಲದಲ್ಲಿ ಹೂತು, ಮೇಲೆ ಯಂತ್ರ ಬಿಗಿದಿದ್ದರು. ಮರದ ತುಂಡನ್ನು ಕಚ್ಚಿಸಿದ ಮೇಲೆ ಅವರು ಸ್ವಿಚ್ ಒತ್ತಲಿಲ್ಲ. ಮರದ ಮೇಲೆ ಅಂಗೈ ಇಟ್ಟು, ಬಗ್ಗಿ, ಮೆಲ್ಲಗೆ “ಹೆಸರೇನು?” ಎಂದು ಕೇಳಿದರು. ನನಗೆ ನಗು ಬಂತು. ಅವರು ನಗಲಿಲ್ಲ.

“ಅಭ್ಯಾಸ. ಟೇಬಲ್ ಮೇಲೆ ಮಲಗಿಸಿದ್ಮೇಲೆ ಮೊದ್ಲು ಹೆಸರು ಕೇಳ್ಬೇಕು. ತಪ್ಪು ಜನಕ್ಕೆ ಮದ್ದು ಹೋಗ್ಬಾರ್ದಲ್ಲ” ಎಂದರು.

ಆಮೇಲೆ ಒಂದು ಪಕ್ಕಕ್ಕೆ ಸರಿದು ನಿಂತು ಸ್ವಿಚ್ ಒತ್ತಿದರು. ತಿರುಗುವ ಮರದ ನೇರಕ್ಕೆ ಅವರು ಯಾವತ್ತೂ ನಿಂತವರಲ್ಲ. ಬಿಟ್ಟುಹೋದರೆ ತುಂಡು ಬಂದು ಬಡಿಯುವುದು ಎದೆಗೆ. ಲೇತ್ ತಿರುಗುತ್ತಿರುವಷ್ಟು ಹೊತ್ತು ಒಂದು ಮಾತೂ ಆಡುತ್ತಿರಲಿಲ್ಲ. ಎದೆಯ ಸದ್ದು ಕೇಳುವವರಂತೆ ತಲೆ ವಾಲಿಸಿಕೊಂಡಿರುತ್ತಿದ್ದರು.

ಮೊದಲ ಲೇತ್ ಕೊಳ್ಳುವವನು ಏನು ನೋಡಬೇಕೆಂದು ಅವರು ಹೇಳಿದ್ದರಲ್ಲಿ ಹೆಚ್ಚಿನದು ನನಗೆ ಬಾಯಿಪಾಠವಾಗಿದೆ. ಉದ್ದದ್ದಕ್ಕೆ ಆಸೆ ಪಡಬಾರದು, ಭಾರದ್ದು ಬೇಕು. ವೇಗ ಎಷ್ಟು ಹೆಚ್ಚುತ್ತದೆ ಎಂದು ಕೇಳಬಾರದು, ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳಬೇಕು. ಮರವನ್ನು ಎರಡು ಕಡೆಯಿಂದ ಹಿಡಿಯುವ ಮೊನೆಗಳನ್ನು ಹತ್ತಿರ ತಂದರೆ ಒಂದಕ್ಕೊಂದು ಸೂಜಿಗೆ ಸೂಜಿ ಮುಟ್ಟಿದಂತೆ ಮುಟ್ಟಬೇಕು. ಕೊನೆಗೆ ಒಂದು ಮಾತು ಸೇರಿಸುತ್ತಿದ್ದರು: “ತೂಕ ನೆಲಕ್ಕೆ ಹೋಗ್ಬೇಕು, ಕೈಗೆ ಬರಬಾರ್ದು.” ಇದನ್ನು ಹೇಳುವಾಗ ಅವರ ದನಿ ಸ್ವಲ್ಪ ಬದಲಾಗುತ್ತಿತ್ತು. ಯಾರೋ ಒಬ್ಬ ಗಂಡಸು ಆ ಮಾತನ್ನು ಅವರಿಗೆ ಹೇಳಿಕೊಟ್ಟಿರಬೇಕು ಅನ್ನಿಸುತ್ತಿತ್ತು. ಯಾರೆಂದು ನಾನು ಕೇಳಲಿಲ್ಲ.

ಹಳೆಯ ಲೇತ್‌ಗಳನ್ನು ನೋಡಲು ನನ್ನ ಜೊತೆ ಬರುತ್ತೇನೆಂದು ಅವರೇ ಅಂದರು. ನನ್ನ ಸ್ಕೂಟರಿನ ಹಿಂದೆ ಒಂದು ಪಕ್ಕಕ್ಕೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ತಣಿಸಂದ್ರದ ಅಪಾರ್ಟ್‌ಮೆಂಟೊಂದರ ಬಾಲ್ಕನಿಯಲ್ಲಿ ಹೆಚ್ಚುಕಡಿಮೆ ಹೊಸದೇ ಆದ ಪುಟ್ಟ ಲೇತ್ ಇತ್ತು. ಮಾರುವವನು ನಗುಮುಖದ ಹುಡುಗ. ನನಗೆ ಯಂತ್ರ ಹಿಡಿಸಿತು. ಡಾಕ್ಟರಮ್ಮ ಮೊನೆಗಳನ್ನು ಹತ್ತಿರ ತಂದು ನೋಡಿ, ಕೂಡುವುದಿಲ್ಲ, ಬೇಡ ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು ಆ ಹುಡುಗನ ಕತ್ತಿನ ಗುಳಿಯನ್ನೇ ನೋಡುತ್ತ, “ನಿದ್ದೇಲಿ ನಿಮ್ಮ ಉಸಿರು ನಿಂತೋಗ್ತದಾ, ಮನೇಲಿ ಕೇಳಿ ನೋಡಿ” ಎಂದರು. ಅವನು ನಕ್ಕ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅವನ ಹೆಂಡತಿ ನಲ್ಲಿ ನಿಲ್ಲಿಸಿ ಹೊರಗೆ ಬಂದಳು. ಅವಳ ಮುಖ ಬಿಳಚಿಕೊಂಡಿತ್ತು. ಎಷ್ಟೋ ರಾತ್ರಿ ಎದೆ ಮೇಲೆ ಕೈಯಿಟ್ಟು ಅಲುಗಿಸುತ್ತೇನೆ, ಹೆದರಿಕೊಳ್ಳುತ್ತಾರೆಂದು ಹೇಳಿಲ್ಲ ಎಂದಳು. ಡಾಕ್ಟರಮ್ಮ ಯಾವ ಪರೀಕ್ಷೆ ಮಾಡಿಸಬೇಕೆಂದು ತಿಳಿಸಿ, ಏನೂ ಆಗದವರಂತೆ ಲಿಫ್ಟಿನ ಗುಂಡಿ ಒತ್ತಿದರು.

ಯಶವಂತಪುರದಲ್ಲಿ ಮುಚ್ಚಿಹೋದ ಕಾರ್ಖಾನೆಯೊಂದರ ಶೆಡ್ಡಿನಲ್ಲಿದ್ದ ದೊಡ್ಡ ಲೇತಿನ ಹತ್ತಿರಕ್ಕೂ ಅವರು ಹೋಗಲಿಲ್ಲ. ಬೆಲ್ಟಿಗೆ ಮುಚ್ಚಳವಿರಲಿಲ್ಲ. ಬಾಗಿಲಲ್ಲೇ ನಿಂತು, “ಇದು ಕೈ ಕೇಳ್ತದೆ” ಎಂದು ತಿರುಗಿ ನಡೆದರು. ಇಂಥ ಮಾತಿಗೆ ನಾನು ವಾದ ಹೂಡುತ್ತಿರಲಿಲ್ಲ. ಆದರೆ ಒಂದಾದ ಮೇಲೊಂದು ಲೇತನ್ನು ಬೇಡ ಎನ್ನುತ್ತ ಹೋದಾಗ ನನಗೊಂದು ಅನುಮಾನ ಬಂತು. ಯಾವ ಮನೆಗೆ ಹೋದರೂ ಅವರು ಮೊದಲು ನೋಡುತ್ತಿದ್ದುದು ಯಂತ್ರವನ್ನಲ್ಲ, ಅದರ ಕಾಲನ್ನು.

ಒಂದು ಮಧ್ಯಾಹ್ನ ನನ್ನ ಫೋನಿನಲ್ಲಿ ಯಲಹಂಕ ಹಳೇ ಊರಿನ ಒಂದು ಜಾಹೀರಾತು ಕಂಡಿತು. ಚಿತ್ರ ಮಬ್ಬಾಗಿತ್ತು. ಆದರೂ ಲೇತಿನ ಕೆಳಗಿದ್ದ ಎರಡು ಕಲ್ಲುಕಂಬ ಗುರುತು ಹತ್ತುವಂತಿತ್ತು. ನಿಮ್ಮದರ ಹಾಗೇ ಇದೆ ನೋಡಿ ಎಂದು ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಹೊಸ ಕನ್ನಡಕ ತೆಗೆದು ಹಳೆಯದು ಹಾಕಿಕೊಂಡು, ಮತ್ತೆ ಹೊಸದು ಹಾಕಿಕೊಂಡು ನೋಡಿದರು. ಚಿತ್ರ ಹಾಕಿದವರ ಹೆಸರು ಕೇಳಿದರು. ಯಾರೋ ಹೆಣ್ಣುಮಗಳದು, ಅವರಿಗೆ ಅದರಿಂದ ಏನೂ ತಿಳಿದಂತೆ ಕಾಣಲಿಲ್ಲ. ನಾಳೆ ಹೋಗೋಣವೇ ಅಂದೆ. “ನಾಳೆ ಬ್ಯಾಡ. ಇವತ್ತೇ” ಎಂದರು.

ಹಳೇ ಊರಿನ ಓಣಿಗಳಲ್ಲಿ ಫೋನು ದಾರಿ ತೋರಿಸಲು ತಡವರಿಸುತ್ತಿತ್ತು. ಹಿಂದಿನಿಂದ ಅವರು ಎಡಕ್ಕೆ ಅಂದರು. ಆಮೇಲೆ, ಮುಚ್ಚಿದ ಬಾವಿ ಸಿಗುತ್ತದೆ, ಅಲ್ಲಿ ಬಲಕ್ಕೆ ಅಂದರು. ಚಪ್ಪಡಿ ಹಾಕಿ ಮುಚ್ಚಿದ ಬಾವಿ ಸಿಕ್ಕಿತು. ಇಲ್ಲಿಗೆ ಮೊದಲೇ ಬಂದಿದ್ದೀರಾ ಎಂದು ಕೇಳಿದೆ. ಇಲ್ಲ ಅಂದರು. ಅದು ನಿಜವೇ ಆಗಿತ್ತು.

ಬಾಗಿಲು ತೆರೆದವರು ಕಮಲಮ್ಮ ಎಂಬ ವಯಸ್ಸಾದ ಹೆಂಗಸು. ಮಗಳು ವಿದ್ಯಾರಣ್ಯಪುರದಲ್ಲಿದ್ದಾಳೆ, ಅವಳ ಮಕ್ಕಳನ್ನು ನೋಡಿಕೊಳ್ಳಲು ಅಲ್ಲಿಗೇ ಹೋಗುತ್ತಿದ್ದೇನೆ, ಈ ಮನೆ ಬಾಡಿಗೆಗೆ ಕೊಡಬೇಕು, ಅದಕ್ಕೇ ಜಾಹೀರಾತು ಎಂದರು. ಗಂಡ ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟರಾಗಿದ್ದರಂತೆ. ತೀರಿಕೊಂಡು ಬಹಳ ವರ್ಷವಾಯಿತಂತೆ. ಲೇತ್ ಅವರ ಹವ್ಯಾಸ. ಹೇಳುತ್ತ ಹಿತ್ತಲಿನ ಕೋಣೆಯ ಬೀಗ ತೆಗೆದರು. ಕರೆಂಟ್ ಹೋಗಿತ್ತು, ಒಳಗೆ ಕತ್ತಲು. ಡಾಕ್ಟರಮ್ಮ ನನಗಿಂತ ಮುಂದೆ ಹೋಗಿ, “ಎಡಗಡೆ ನೆಲ ತಗ್ಗು ಅದೆ, ನೋಡ್ಕಂಡು ಬನ್ನಿ” ಎಂದರು. ಆ ಕತ್ತಲಲ್ಲೇ ನೇರ ನಡೆದು ಎದುರು ಗೋಡೆಯ ಕಿಟಕಿಯ ಮೇಲಿನ ಬಾಗಿಲನ್ನು ಮಾತ್ರ ತೆರೆದರು. ಕಮಲಮ್ಮ ನನ್ನ ಮುಖ ನೋಡಿದರು.

ಬೆಳಕು ಬಿದ್ದಾಗ ಲೇತ್ ಕಂಡಿತು. ಅದರಲ್ಲಿ ಒಂದು ಬಟ್ಟಲು ಕಚ್ಚಿಸಿದಂತೆಯೇ ಇತ್ತು. ಹೊರಮೈ ಮುಗಿದಿತ್ತು, ಅಂಚು ಎಲೆಯಷ್ಟು ತೆಳ್ಳಗಿತ್ತು, ಒಳಗೆ ಅರ್ಧ ಮಾತ್ರ ತೋಡಿತ್ತು. ಎಲ್ಲಿಯೂ ಧೂಳಿರಲಿಲ್ಲ. ದಿನಾ ದೀಪ ಹಚ್ಚಿದ ಮೇಲೆ ಬಂದು ಒರೆಸಿ, ಕೈಯಿಂದ ಒಂದು ಸುತ್ತು ತಿರುಗಿಸಿ ಹೋಗುತ್ತೇನೆ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದಂತೆ ಎಂದರು ಕಮಲಮ್ಮ. ನಾನು ಚಕ್ರವನ್ನು ಬೆರಳಲ್ಲಿ ಒಂದಿಷ್ಟು ನೂಕಿದೆ. ಬಟ್ಟಲು ತಿರುಗಿತು. ಸದ್ದೇ ಇಲ್ಲ. ಇನ್ನೇನು ನಿಂತಿತು ಅಂದುಕೊಂಡ ಮೇಲೂ ತಿರುಗುತ್ತಲೇ ಇತ್ತು. ಆ ಮಬ್ಬಿನಲ್ಲಿ ಅದನ್ನು ನೋಡುತ್ತ ನಿಂತರೆ, ಕೆಲಸ ಮಾಡುತ್ತಿದ್ದವರು ಈಗಷ್ಟೇ ನೀರು ಕುಡಿಯಲು ಹೊರಗೆ ಹೋಗಿದ್ದಾರೆ ಅನ್ನಿಸುತ್ತಿತ್ತು. ಇದೇ ನನ್ನ ಲೇತ್ ಎಂದು ಆ ಕ್ಷಣವೇ ತೀರ್ಮಾನಿಸಿದೆ.

ಡಾಕ್ಟರಮ್ಮ ಬಟ್ಟಲಿನ ಮೇಲೆ ಅಂಗೈ ಇಟ್ಟು ನಿಲ್ಲಿಸಿದರು. ಹೆಸರು ಕೇಳುತ್ತಾರೆ ಎಂದು ನಾನು ಕಾದೆ. ಅವರು ಕೇಳಲಿಲ್ಲ. “ರಂಗಸ್ವಾಮಿ” ಎಂದರು.

ಆ ಹೆಸರನ್ನು ಅಲ್ಲಿಯವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಕಮಲಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಡಾಕ್ಟರಮ್ಮ ಬಗ್ಗಿ ಕಲ್ಲುಕಂಬ ಸವರುತ್ತ, ತಮ್ಮಷ್ಟಕ್ಕೆ ಅನ್ನುವಂತೆ, ತೂಕ ನೆಲಕ್ಕೆ ಹೋಗಬೇಕು, ಕೈಗೆ ಬರಬಾರದು ಎಂದರು.

“ಇದು ನಮ್ಮೋರ ಮಾತು” ಎಂದರು ಕಮಲಮ್ಮ. “ನಿಮಗೆ ನಮ್ಮೋರು ಗೊತ್ತಾ?”

“ಗೊತ್ತಮ್ಮ. ನಾನೇ ಮಲಗಿಸಿದ್ದು.”

ಡಾಕ್ಟರಮ್ಮ ಅದೇ ತಗ್ಗಿನ ದನಿಯಲ್ಲಿ ಎಲ್ಲ ಹೇಳಿದರು. ರಂಗಸ್ವಾಮಿ ಮೇಷ್ಟರು ಹರ್ನಿಯಾ ಆಪರೇಷನ್ನಿಗೆ ಬಂದಿದ್ದರು. ಟೇಬಲ್ ಮೇಲೆ ಮಲಗಿಸಿದ ಮೇಲೆ ಸರ್ಜನ್ ಬರುವುದು ತಡವಾಯಿತು. ಮನುಷ್ಯ ತುಂಬ ಹೆದರಿದ್ದರು. ಏನಾದರೂ ಮಾತಾಡುತ್ತಿರಿ ಎಂದು ಡಾಕ್ಟರಮ್ಮನೇ ಹೇಳಿದರು. ಮೇಷ್ಟರು ಲೇತಿನ ಬಗ್ಗೆ ಶುರುಮಾಡಿದರು. ಕಂಬ ಎಲ್ಲಿಂದ ತಂದದ್ದು, ಮನೆಗೆ ದಾರಿ ಯಾವುದು, ಕೋಣೆಯಲ್ಲಿ ನೆಲ ಎಲ್ಲಿ ತಗ್ಗು, ಕಿಟಕಿಯ ಯಾವ ಬಾಗಿಲು ತೆರೆದರೆ ಬೆಳಕು ಮರದ ಮೇಲೆ ಸರಿಯಾಗಿ ಬೀಳುತ್ತದೆ, ಎಲ್ಲ. ಹೇಳುತ್ತ ಹೇಳುತ್ತ ಭಯ ಹೋಗಿತ್ತು. ಅರ್ಧಕ್ಕೆ ಬಿಟ್ಟು ಬಂದ ಬಟ್ಟಲಿನ ಮಾತು ಆಡುತ್ತಿರುವಾಗ ಸರ್ಜನ್ ಬಂದರು, ಮದ್ದು ಕೊಟ್ಟದ್ದಾಯಿತು. ಆಪರೇಷನ್ ನಡುವೆ ಎದೆ ನಿಂತಿತು. ಮತ್ತೆ ಶುರುವಾಗಲಿಲ್ಲ. ವಿಚಾರಣೆ ನಡೆಸಿ ಯಾರ ತಪ್ಪೂ ಇಲ್ಲ ಎಂದರು. ತಮಗೆ ಮಾತ್ರ ಇವತ್ತಿಗೂ ಗೊತ್ತಿಲ್ಲ ಎಂದರು ಡಾಕ್ಟರಮ್ಮ. ನಿವೃತ್ತಿಯಾದ ಮೇಲೆ, ಮೇಷ್ಟರು ಹೇಳಿದ್ದನ್ನೇ ನೆನಪಿಟ್ಟುಕೊಂಡು, ಹಾಗೇ ಕಂಬ ನೆಟ್ಟು, ಲೇತ್ ತಂದುಕೊಂಡರಂತೆ.

ಕಮಲಮ್ಮ ಅಳಲಿಲ್ಲ. ನೋವಾಗಿತ್ತಾ ಎಂದು ಕೇಳಿದರು. ಇಲ್ಲ, ಅದೊಂದನ್ನು ಖಂಡಿತವಾಗಿ ಹೇಳಬಲ್ಲೆ ಎಂದರು ಡಾಕ್ಟರಮ್ಮ.

“ಕೊನೇಲಿ ಏನಂದ್ರು?”

“‘ಅಂಚು ತೆಳ್ಳಗಾದ್ಮೇಲೆ’ ಅಂದ್ರು. ಅಷ್ಟಕ್ಕೆ ನಿದ್ದೆ ಹತ್ತಿತು. ಮುಂದಿಂದು ನಂಗೆ ಗೊತ್ತಿಲ್ಲ.”

ಕಮಲಮ್ಮ ಲೇತಿನ ಹತ್ತಿರ ಬಂದರು. ಬಲಗೈ ಬೆರಳುಗಳನ್ನು ಬಟ್ಟಲಿನ ಹೊರಮೈಗೆ, ಅಂಚಿನ ಹಿಂದೆ, ತಾಗಿಯೂ ತಾಗದಂತೆ ಇಟ್ಟು ತೋರಿಸಿದರು. “ಅಂಚು ತೆಳ್ಳಗಾದ್ಮೇಲೆ ಹೊರಗಿಂದ ಬೆರಳು ಆಸರೆ ಕೊಡ್ಬೇಕು. ಇಲ್ದಿದ್ರೆ ನಡುಗಿ ಒಡೆದೋಗುತ್ತೆ. ದಿನಾ ಹೇಳೋರು, ನಂಗ್ಯಾಕೆ ಅಂತಿದ್ದೆ.”

ಡಾಕ್ಟರಮ್ಮನ ಉಸಿರು ಏರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಮಲಮ್ಮ ಕೈ ತೆಗೆದು, ನೀವಿಬ್ಬರೂ ಈಗ ಹೋಗಿ ಎಂದರು. ಗದರಲಿಲ್ಲ. ಬಾಗಿಲವರೆಗೆ ಬರಲೂ ಇಲ್ಲ.

ವಾಪಸು ಬರುವಾಗ ಯಲಹಂಕ ಕೆರೆಯ ಹತ್ತಿರ ಸ್ಕೂಟರ್ ನಿಲ್ಲಿಸಲು ಹೇಳಿದರು. ಆ ಮನೆಯನ್ನು ಒಬ್ಬಳೇ ಹುಡುಕಿಕೊಂಡು ಬರಲು ಧೈರ್ಯವಿರಲಿಲ್ಲ, ನಿಮ್ಮ ಲೇತಿನ ನೆಪ ಸಿಕ್ಕಿತು, ಒಳ್ಳೆಯ ಯಂತ್ರಗಳನ್ನೂ ಬೇಡ ಅನ್ನಿಸಿಬಿಟ್ಟೆ ಎಂದು ಒಪ್ಪಿಕೊಂಡರು. ನನಗೆ ಸಿಟ್ಟು ಬರಲಿಲ್ಲ. ನೀರಿನ ಮೇಲೆ ಹಕ್ಕಿಗಳು ಕೂಗುತ್ತಿದ್ದವು. ಅವರು ಬೆರಳುಗಳನ್ನು ಗಾಳಿಯಲ್ಲಿ ಬಾಗಿಸಿ, ಇಲ್ಲದ ಬಟ್ಟಲಿಗೆ ಆಸರೆ ಕೊಡುತ್ತ ನಿಂತಿದ್ದರು.

ಕೆಲವು ದಿನದ ಮೇಲೆ ಕಮಲಮ್ಮನ ಮಗಳು ಫೋನ್ ಮಾಡಿದಳು. ಲೇತನ್ನು ಕನ್ನಡಕದವರಿಗೇ ಕೊಡುತ್ತಾರಂತೆ, ಡಾಕ್ಟರು ಮಾತ್ರ ಬರುವುದು ಬೇಡವಂತೆ. ಆಳು ಕರೆದುಕೊಂಡು ಹೋಗಿ, ಕಂಬಗಳ ಸಮೇತ ಕಿತ್ತು ತಂದು ನನ್ನ ಮನೆಯ ಗ್ಯಾರೇಜಿನಲ್ಲಿ ನಿಲ್ಲಿಸಿದೆ. ಬಟ್ಟಲನ್ನು ಕಮಲಮ್ಮ ಮೊದಲೇ ಬಿಡಿಸಿ ಎತ್ತಿಟ್ಟುಕೊಂಡಿದ್ದರು. ಡಾಕ್ಟರಮ್ಮ ನನಗೆ ಕೆಲಸ ಕಲಿಸಿದರು, ಆದರೆ ತಮ್ಮ ಕೊಟ್ಟಿಗೆಯಲ್ಲಿ. ನನ್ನ ಗ್ಯಾರೇಜಿಗೆ ಎಷ್ಟು ಕರೆದರೂ ಕಾಲಿಡಲಿಲ್ಲ. “ಅವರು ಬರ್ಬ್ಯಾಡ ಅಂದವ್ರೆ” ಎನ್ನುತ್ತಿದ್ದರು. ಲೇತ್ ಎಲ್ಲಿ ಹೋದರೂ ಅದು ಆ ಮನೆಯೇ ಎಂಬಂತೆ.

ಆಮೇಲೆ ಅವರಿಗೆ ಶ್ವಾಸಕೋಶದ ಕಾಯಿಲೆ ಗೊತ್ತಾಯಿತು. ಆಸ್ಪತ್ರೆ ಬೇಡವೆಂದು ಮನೆಯಲ್ಲೇ ಉಳಿದರು. ನೋಡಿಕೊಳ್ಳಲು ಒಬ್ಬ ನರ್ಸಮ್ಮ ಬಂದು ಹೋಗುತ್ತಿದ್ದಳು. ತಾವು ಎಷ್ಟು ದಿನ ಇರುತ್ತೇವೆಂದು ಅವರಿಗೆ ಗೊತ್ತಿತ್ತೆಂದು ನನ್ನ ನಂಬಿಕೆ, ಆದರೆ ಅವರು ಹೇಳಲಿಲ್ಲ. ಮಂಚದಿಂದ ಏಳಿಸಿ ಕೂರಿಸಲು ಇಬ್ಬರು ಬೇಕಾಗುವ ಹೊತ್ತಿಗೆ ಕಮಲಮ್ಮ ಅಂಗಡಿಗೆ ಫೋನ್ ಮಾಡಿದರು. ಆ ಡಾಕ್ಟರಮ್ಮ ಹೇಗಿದ್ದಾರೆ ಎಂದು ಕೇಳಿದರು. ಹೇಳಿದೆ. ಮಾರನೆಯ ದಿನವೇ ವಿದ್ಯಾರಣ್ಯಪುರದಿಂದ ಬಸ್ಸಿನಲ್ಲಿ ಬಂದಿಳಿದರು. ನಾನೇ ಕೊಡಿಗೆಹಳ್ಳಿಗೆ ಕರೆದುಕೊಂಡು ಹೋದೆ.

ನರ್ಸಮ್ಮ ಊಟಕ್ಕೆ ಹೋಗಿದ್ದಳು. ಕಮಲಮ್ಮ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಕ್ಷೇಮ ಸಮಾಚಾರ ಏನೂ ಕೇಳಲಿಲ್ಲ. ನೇರವಾಗಿ ಮಾತಿಗೆ ಬಂದರು. ಆವತ್ತು ನಿಮ್ಮನ್ನು ಬರಬೇಡಿ ಅಂದದ್ದು ಸಿಟ್ಟಿನಿಂದಲ್ಲ ಎಂದರು. ಗಂಡ ಆಪರೇಷನ್ ಬೇಡವೇ ಬೇಡ ಅಂದಿದ್ದರಂತೆ. ಇನ್ನೆಷ್ಟು ದಿನ ಹೀಗೆ ನರಳುತ್ತೀರಿ ಎಂದು ಜಗಳವಾಡಿ, ತಾವೇ ಆಟೋ ಹತ್ತಿಸಿದರಂತೆ.

“ನಾನೇ ಕಳಿಸಿದ್ದು. ಮಗಳಿಗೂ ಹೇಳಿಲ್ಲ” ಎಂದರು.

ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡೇ ಕೈ ಚಾಚಿ ಕಮಲಮ್ಮನ ಮಣಿಕಟ್ಟು ಹಿಡಿದರು, ನಾಡಿ ನೋಡುವವರ ಹಾಗೆ. ಮಾತಿಗೆ ಉಸಿರು ಕೂಡಿಸಿಕೊಳ್ಳಲು ಹೊತ್ತು ಹಿಡಿಯಿತು.

“ಇಬ್ರೂ ಸೇರಿ ಕಳಿಸಿದ್ವಿ ಬಿಡಿ. ಬಾಗಿಲವರೆಗೆ ನೀವು. ಅಲ್ಲಿಂದ ಮುಂದಕ್ಕೆ ನಾನು.”

ಕಮಲಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, ನೀವು ಅಂಗಡಿಗೆ ಹೊರಡಿ, ನಾನು ಇಲ್ಲೇ ಇರುತ್ತೇನೆ ಎಂದರು. ಡಾಕ್ಟರಮ್ಮನಿಗೆ ಬರುತ್ತೇನೆಂದು ಹೇಳಿದೆ. ಅವರು ಕಣ್ಣು ತೆರೆದು ನನ್ನ ಕತ್ತಿನ ಬದಲು ಮುಖ ನೋಡಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಆ ವಾರದೊಳಗೆ ಅವರು ಹೋದರು. ಅಲ್ಲಿಯವರೆಗೂ ಕಮಲಮ್ಮ ಆ ಮನೆ ಬಿಟ್ಟು ಕದಲಲಿಲ್ಲ. ಡಾಕ್ಟರಮ್ಮ ಮತ್ತೆ ಮಂಚ ಬಿಟ್ಟು ಏಳಲೇ ಇಲ್ಲವೆಂದು ನರ್ಸಮ್ಮ ಆಮೇಲೆ ಹೇಳಿದಳು.

ಆದರೆ ಆ ಮಧ್ಯಾಹ್ನ ನಾನು ಗೇಟು ಹಾಕಿ, ಸ್ಕೂಟರನ್ನು ನೂಕಿಕೊಂಡು ಓಣಿಯ ತಿರುವಿಗೆ ಬಂದಾಗ, ಹಿಂದಿನ ಕೊಟ್ಟಿಗೆಯಿಂದ ಲೇತ್ ಶುರುವಾದ ಸದ್ದು ಕೇಳಿಸಿತು. ತಪ್ಪು ತಿಳಿಯಲು ಸಾಧ್ಯವಿರಲಿಲ್ಲ. ಆ ಸದ್ದು ನನಗೆ ಅಷ್ಟು ಪರಿಚಯ. ಮನೆಯಲ್ಲಿ ಇದ್ದದ್ದು ಅವರಿಬ್ಬರೇ, ಕಮಲಮ್ಮ ಯಾವತ್ತೂ ಉಳಿ ಹಿಡಿದವರಲ್ಲ. ವಾಪಸು ಹೋಗಿ ನೋಡಬೇಕೆನ್ನಿಸಿತು. ಹೋಗಲಿಲ್ಲ. ಬಿಸಿಲಿನಲ್ಲಿ ಹ್ಯಾಂಡಲ್ ಹಿಡಿದುಕೊಂಡು ನಿಂತು ಕೇಳಿದೆ. ಖಾಲಿ ತಿರುಗುವ ಲೇತಿನ ಸದ್ದು ಒಂದು ಬಗೆ. ಉಳಿ ಮರಕ್ಕೆ ತಾಗಿದ ಕ್ಷಣ ಅದು ತಗ್ಗುತ್ತದೆ. ಸ್ವಲ್ಪ ಹೊತ್ತು ತಿರುಗಿ, ಅದು ತಗ್ಗಿತು.